ಕಡಲೆಕಾಯಿ ಹಿಂಡಿಯ ವಿಷಕ್ಕೆ ಕುದುರೆ ಮಸಾಲೆಯ ಮದ್ದು?

(ಕೊರಟಗೆರೆಯಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಾಠ)



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಗರ್ಭ ನಿಲ್ಲದ ಹಸು, ಇವುಗಳ ಬಗ್ಗೆ ಪ್ರತಿ ಸಭೆಯಲ್ಲೂ ಮಾತಾಡುತ್ತೇವೆ. ಇಂದು ಗೋದಲಿಗೆ ಹಾಕುವ ಹಿಂಡಿಯ ಜೊತೆ ಕಣ್ಣಿಗೆ ಕಾಣದೆ ಬಂದು, ಮಾರನೆಯ ದಿನವೇ ಹಾಲಿಗೆ ಇಳಿಯುವ ಒಂದು ವಿಷದ ವಿಚಾರ ಹೇಳುತ್ತೇನೆ. ಅದನ್ನು ಗಿಡದಲ್ಲೇ ತಡೆಯುವ ಪ್ರಯತ್ನವೂ ನಡೆದಿದೆ. "ವಿಷ ಬಾರದ ಹೊಸ ಬೀಜ ಬಂದಿದೆಯಂತಲ್ಲ ಡಾಕ್ಟ್ರೇ" ಎಂದು ಕೇಳುವವರಿಗೂ ಇದರಲ್ಲೇ ಉತ್ತರವಿದೆ.

ಈ ವಿಷದ ಹೆಸರು ಅಫ್ಲಟಾಕ್ಸಿನ್. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಮಿಶ್ರಿತ ಹಸಿರು ಬೂಷ್ಟು ಇದನ್ನು ತಯಾರಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತಾಗ ಕಾರಣ ಹುಡುಕಿದರೆ, ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿ ಸಿಕ್ಕಿತು. ನಮ್ಮ ದೇಶದಲ್ಲೇ 1974ರಲ್ಲಿ ರಾಜಸ್ತಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ಯಕೃತ್ತು ಕೆಟ್ಟು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಆ ಮನೆಗಳ ನಾಯಿಗಳೂ ಹೊಟ್ಟೆಯಲ್ಲಿ ನೀರು ತುಂಬಿ ಸತ್ತವು.

ಈ ಬೂಷ್ಟು ಮಣ್ಣಿನಲ್ಲೇ ಇರುತ್ತದೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಕಾದರೆ ಗಿಡ ಸೊರಗುತ್ತದೆ, ಬೂಷ್ಟು ಕಾಯಿಯ ಒಳಕ್ಕೆ ಹೋಗುತ್ತದೆ. ಪಾವಗಡ, ಸಿರಾ, ಮಧುಗಿರಿ, ಕೊರಟಗೆರೆಯ ಕೆಂಪು ಮಣ್ಣಿನ ಹೊಲಗಳಲ್ಲಿ ಇಂಥ ವರ್ಷಗಳು ಎಷ್ಟು ಬಂದಿವೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಆಮೇಲೆ ಏನಾಗುತ್ತದೆ? ಒಳ್ಳೆಯ ಬೀಜ ಮಾರುಕಟ್ಟೆಗೆ ಹೋಗುತ್ತದೆ. ಸೊಟ್ಟ ಬೀಜ, ಮುರುಕಲು, ಬಣ್ಣಗೆಟ್ಟದ್ದು ಎಣ್ಣೆ ಗಿರಣಿಗೆ ಹೋಗುತ್ತದೆ. ಎಣ್ಣೆ ತೆಗೆದ ಮೇಲೆ ವಿಷದ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಮನುಷ್ಯರಿಗೆ ಬೇಡವಾದದ್ದು ದನಕ್ಕಿರಲಿ ಎಂಬ ನಮ್ಮ ಹಳೆಯ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ದನಕ್ಕೆ ಹಾಕಿದ್ದು ಹಾಲಾಗಿ ಮನುಷ್ಯರಿಗೇ ವಾಪಸು ಬರುತ್ತದೆ.

ಒಂದು ಲೆಕ್ಕ ಹಾಕೋಣ. ಒಂದು ಕಿಲೋ ಹಿಂಡಿಯಲ್ಲಿ 500 ಮೈಕ್ರೋಗ್ರಾಂ ಅಫ್ಲಟಾಕ್ಸಿನ್ ಇದೆ ಎಂದಿಟ್ಟುಕೊಳ್ಳಿ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ದಿನಕ್ಕೆ ಎರಡು ಕಿಲೋ ತಿಂದ ಹಸುವಿನ ಹೊಟ್ಟೆಗೆ 1,000 ಮೈಕ್ರೋಗ್ರಾಂ ಹೋಯಿತು. ಅದರಲ್ಲಿ ಸುಮಾರು ನೂರಕ್ಕೆ ಒಂದೆರಡು ಪಾಲು ರೂಪ ಬದಲಿಸಿ ಅಫ್ಲಟಾಕ್ಸಿನ್ ಎಂ-1 ಎಂಬ ಹೆಸರಿನಲ್ಲಿ ಹಾಲಿಗೆ ಇಳಿಯುತ್ತದೆ. ಹಸು ಹತ್ತು ಲೀಟರು ಕೊಟ್ಟರೆ ಲೀಟರಿಗೆ ಒಂದರಿಂದ ಎರಡು ಮೈಕ್ರೋಗ್ರಾಂ ಆಯಿತು. ಕಾನೂನು ಒಪ್ಪುವ ಮಿತಿ ಕಿಲೋಗೆ 0.5. ಎರಡರಿಂದ ನಾಲ್ಕು ಪಟ್ಟು! ಹಾಲು ಕಾಯಿಸಿದರೂ, ಪಾಶ್ಚರೀಕರಣ ಮಾಡಿದರೂ ಇದು ಹೋಗುವುದಿಲ್ಲ. ಸಂಘದಲ್ಲಿ ಜಿಡ್ಡು, ಡಿಗ್ರಿ ನೋಡುವಾಗ ಇದು ಸಿಕ್ಕಿಬೀಳುವುದೂ ಇಲ್ಲ. ಒಬ್ಬರ ಹಾಲು ಎಲ್ಲರ ಹಾಲಿನೊಡನೆ ಬೆರೆಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿದಾಗ ಶೇ. 5.7ರಷ್ಟರಲ್ಲಿ ಎಂ-1 ಮಿತಿ ಮೀರಿತ್ತು. ನೀರು ಬೆರೆಸುವವರನ್ನು ಬೈಯುವ ನಾವು ಈ ಕಡೆಗೂ ಗಮನ ಕೊಡಬೇಕು.

ಈಗ ಬೀಜದ ಮಾತು. ಹೈದರಾಬಾದಿನ ಹತ್ತಿರ ಪಟಾಂಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳು ಅಮೆರಿಕದ ಡ್ಯಾನ್‌ಫೋರ್ತ್ ಕೇಂದ್ರದವರೊಡನೆ ಸೇರಿ ಮಾಡಿದ ಕೆಲಸವನ್ನು 2017ರಲ್ಲಿ ಪ್ರಕಟಿಸಿದರು. ಅವರು ಎರಡು ದಾರಿ ಹಿಡಿದರು. ಮೊದಲನೆಯದು ನಿಮಗೆ ಚೆನ್ನಾಗಿ ಗೊತ್ತಿರುವ ಕುದುರೆ ಮಸಾಲೆಯದು. ಆ ಸೊಪ್ಪಿನ ಗಿಡದಲ್ಲೂ ಅದರ ಹತ್ತಿರದ ನಂಟನಾದ ಇನ್ನೊಂದು ಗಿಡದಲ್ಲೂ ಬೂಷ್ಟನ್ನು ತಡೆಯುವ ಡಿಫೆನ್ಸಿನ್ ಎಂಬ ಸಸಾರಜನಕಗಳಿವೆ. ಅವುಗಳ ವಂಶವಾಹಿಗಳನ್ನು ಕಡಲೆಕಾಯಿ ಗಿಡಕ್ಕೆ ಸೇರಿಸಿದರು.

ಎರಡನೆಯ ದಾರಿ ಇನ್ನೂ ಸ್ವಾರಸ್ಯದ್ದು. ಬೂಷ್ಟು ಈ ವಿಷವನ್ನು ಒಂದೇ ಏಟಿಗೆ ತಯಾರಿಸುವುದಿಲ್ಲ. ಆಲೆಮನೆಯಲ್ಲಿ ಕಬ್ಬು ಅರೆದು, ರಸ ಕಾಯಿಸಿ, ಪಾಕ ಮಾಡಿ, ಅಚ್ಚಿಗೆ ಹಾಕುವ ಹಾಗೆ ಹಂತ ಹಂತವಾಗಿ ಮಾಡುತ್ತದೆ. ನಡುವೆ ಒಲೆ ಆರಿಸಿಬಿಟ್ಟರೆ ರಸ ಇದ್ದರೂ ಬೆಲ್ಲ ಆಗುವುದಿಲ್ಲ, ಅಲ್ಲವೇ? ಅದೇ ರೀತಿ ಬೂಷ್ಟಿನ ಎರಡು ವಂಶವಾಹಿಗಳನ್ನು ಸುಮ್ಮನಾಗಿಸುವ ಆರ್‌ಎನ್‌ಎ ಸಂದೇಶವನ್ನು ಕಡಲೆಕಾಯಿ ಗಿಡವೇ ತಯಾರಿಸುವಂತೆ ಮಾಡಿದರು. ಬೂಷ್ಟು ಒಳಕ್ಕೆ ಬಂದರೂ ಅದಕ್ಕೆ ವಿಷ ಮಾಡಲು ಆಗುವುದಿಲ್ಲ. ಈ ಪ್ರಯೋಗದ ಹಲವು ಸಾಲುಗಳ ಬೀಜಗಳಿಗೆ ಬೇಕೆಂದೇ ಬೂಷ್ಟು ಹಚ್ಚಿ ನೋಡಿದಾಗಲೂ ವಿಷ ನಗಣ್ಯವೆನ್ನುವಷ್ಟು ಕಡಿಮೆ ಇತ್ತು.

ಇದು ದೊಡ್ಡ ಕೆಲಸ ಎಂಬುದು ನನ್ನ ಅಭಿಪ್ರಾಯ. ಹಳೆಯ ತಳಿ ಅಭಿವೃದ್ಧಿ ವಿಧಾನದಿಂದ ಈ ವಿಷಕ್ಕೆ ಪೂರ್ತಿ ತಡೆಯಿರುವ ಕಡಲೆಕಾಯಿ ಸಿಕ್ಕಿರಲಿಲ್ಲ. ಆದರೆ ಪ್ರಯೋಗಾಲಯದ ಬೀಜ ಹೊಲದ ಬೀಜವಾಗಬೇಕಾದರೆ ಬಯಲು ಪರೀಕ್ಷೆ, ಸುರಕ್ಷತಾ ಪರೀಕ್ಷೆ, ಸರ್ಕಾರದ ಅನುಮತಿ ಎಲ್ಲ ಆಗಬೇಕು. ಅದು ಸುಲಭವಲ್ಲ, ಸುಲಭವಾಗಲೂಬಾರದು. ನಮ್ಮಲ್ಲಿ 2002ರಲ್ಲಿ ಅನುಮತಿ ಸಿಕ್ಕಿದ್ದು ಬಿ.ಟಿ. ಹತ್ತಿಗೆ. ಬಿ.ಟಿ. ಬದನೆಗೆ 2010ರಲ್ಲಿ ತಡೆ ಬಿತ್ತು. ಕುಲಾಂತರಿ ಸಾಸಿವೆಯ ವಿಚಾರದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಬೇರೆ ಬೇರೆ ತೀರ್ಪು ಕೊಟ್ಟರು. ಕುಲಾಂತರಿ ಕಡಲೆಕಾಯಿ ಬೀಜಕ್ಕೆ ನಮ್ಮ ದೇಶದಲ್ಲಿ ಅನುಮತಿ ಕೊಟ್ಟಿಲ್ಲ. ಆದ್ದರಿಂದ ಸಂತೆಯಲ್ಲಿ ಯಾರಾದರೂ "ವಿಷ ನಿರೋಧಕ ಬೀಜ" ಎಂದು ಪೊಟ್ಟಣ ತೋರಿಸಿದರೆ ದುಡ್ಡು ಬಿಚ್ಚಬೇಡಿ.

ಇನ್ನೊಂದು ಮಾತು. ಅಂಥ ಬೀಜ ಮುಂದೆ ಬಂದರೂ ಅದರ ಕಾವಲು ಬೀಜಕ್ಕೆ ಜೀವ ಇರುವವರೆಗೆ. ಗಾಣದಲ್ಲಿ ಅರೆದು ಹಿಂಡಿಯಾದ ಮೇಲೆ ಅದು ನಿಮ್ಮ ಕೊಟ್ಟಿಗೆಯಲ್ಲಿ ನೆನೆದರೆ ಬೂಷ್ಟು ಹೊಸದಾಗಿ ಬೆಳೆಯಬಹುದು.

ಹಾಗಾಗಿ ಕೈಯಲ್ಲಿರುವ ಕೆಲಸ ಮಾಡಿ. ಹೂ ಬಿಟ್ಟು ಊಡು ಇಳಿಯುವಾಗ ಎಕರೆಗೆ 200 ಕಿಲೋ ಜಿಪ್ಸಂ ಕೊಡಿ, ಕಾಯಿಯ ಸಿಪ್ಪೆ ಗಟ್ಟಿಯಾಗುತ್ತದೆ. ಬಲಿತ ಕೂಡಲೇ ಕಿತ್ತು, ಕಾಯಿ ಮೇಲೆ ಬರುವಂತೆ ಬಳ್ಳಿ ತಿರುವಿ ಒಣಗಿಸಿ. ಅಲ್ಲಾಡಿಸಿದರೆ ಗಲಗಲ ಸದ್ದು ಬರಬೇಕು. ಕಾಯಿ ಸುಲಿಸುವಾಗ ಬೀಜ ಮುರಿಯದಿರಲೆಂದು ಮೂಟೆಗೆ ನೀರು ಚಿಮುಕಿಸುವ ಅಭ್ಯಾಸ ನಮ್ಮ ಕಡೆ ಇದೆ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಊಟ ಇನ್ನೊಂದಿಲ್ಲ, ದಯವಿಟ್ಟು ಬಿಡಿ. ಹಿಂಡಿ, ಬೂಸಾ, ಪಶು ಆಹಾರದ ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. ಗಂಟುಗಟ್ಟಿದ, ಮುಗ್ಗಲು ವಾಸನೆಯ ಹಿಂಡಿಯನ್ನು ಬಿಸಿಲಿಗೆ ಹಾಕಿದರೆ ವಾಸನೆ ಹೋದೀತು, ವಿಷ ಪೂರ್ತಿ ಹೋಗುವುದಿಲ್ಲ. ನೋಡಲು ಚೊಕ್ಕಟವಾಗಿರುವ ಹಿಂಡಿಯಲ್ಲೂ ವಿಷ ಇರಬಹುದು. ಆದ್ದರಿಂದ ಹಿಂಡಿಯೊಂದನ್ನೇ ನಂಬದೆ, ಪ್ರಮಾಣೀಕೃತ ಸಮತೋಲನ ಆಹಾರ ಬಳಸಿ. ಭಾರತೀಯ ಮಾನಕದ ಪ್ರಕಾರ ಅದರಲ್ಲಿ ಕಿಲೋಗೆ 20 ಮೈಕ್ರೋಗ್ರಾಂಗಿಂತ ಹೆಚ್ಚು ಅಫ್ಲಟಾಕ್ಸಿನ್ ಇರಕೂಡದು.

ಮೇವು ಬಿಡುವುದು, ಹಾಲು ಇಳಿಯುವುದು, ಕರು ಸೊರಗುವುದು ಕಂಡಾಗ ದೃಷ್ಟಿ ತೆಗೆಯುವ ಮೊದಲು ಹಿಂಡಿ ಚೀಲ ಬಿಚ್ಚಿ ನೋಡಿ, ಪಶುವೈದ್ಯರಿಗೆ ತಿಳಿಸಿ. ಕೆಟ್ಟ ಹಿಂಡಿ ನಿಲ್ಲಿಸಿದ ನಾಲ್ಕೈದು ದಿನಗಳಲ್ಲಿ ಹಾಲಿನಿಂದ ವಿಷ ಇಳಿದುಹೋಗುತ್ತದೆ. ಯಕೃತ್ತಿಗೆ ಆದ ಪೆಟ್ಟು ಮಾಯಲು ಮಾತ್ರ ಹೆಚ್ಚು ಕಾಲ ಬೇಕು.

ಹಾಗಾದರೆ ಕುದುರೆ ಮಸಾಲೆ ತಿನ್ನಿಸಿದರೆ ಹಸುವಿಗೆ ಈ ವಿಷ ತಟ್ಟುವುದಿಲ್ಲವೇ ಎಂದು ನೀವು ಕೇಳಬಹುದು. ತಟ್ಟುತ್ತದೆ. ಆ ಡಿಫೆನ್ಸಿನ್ ಕಾಯುವುದು ಗಿಡವನ್ನು, ಹಸುವನ್ನಲ್ಲ. ಕುದುರೆ ಮಸಾಲೆಯನ್ನು ಸಸಾರಜನಕಕ್ಕಾಗಿ ಬೆಳೆಯಿರಿ. ಅದಿದ್ದಷ್ಟೂ ಹಿಂಡಿಯ ಖರ್ಚು ಕಡಿಮೆ. ಹಸಿಯಾಗಿ ಒಮ್ಮೆಲೇ ಹೆಚ್ಚು ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ, ಒಣ ಹುಲ್ಲಿನ ಜೊತೆ ಬೆರೆಸಿ ಹಾಕಿ.