ಹುಡುಕುವುದು ಸುಲಭ, ತಾಳೆ ನೋಡುವುದು ನಮ್ಮ ಕೆಲಸ



ಇವತ್ತು ಊರಲ್ಲಿರುವ ನಮ್ಮ ಉಮ್ಮಂದಿರು ಮೊಬೈಲ್ ಹಿಡಿದು ಕನ್ನಡದಲ್ಲೇ ಕೇಳಿದರೂ ಗೂಗಲ್ ಉತ್ತರ ಹುಡುಕಿಕೊಡುತ್ತದೆ. ಮೊದಲು ಹೀಗಿರಲಿಲ್ಲ. 1990ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅಲನ್ ಎಮ್ಟೇಜ್ ಮಾಡಿದ 'ಆರ್ಚಿ'ಯಲ್ಲಿ ಫೈಲಿನ ಹೆಸರಿನಿಂದ ಮಾತ್ರ ಹುಡುಕಬಹುದಿತ್ತು. ಫೈಲಿನ ಒಳಗೆ ಏನುಂಟು ಅಂತ ಅದು ನೋಡುತ್ತಿರಲಿಲ್ಲ.

ಮುಂದಿನ ಒಂದು ಹೆಜ್ಜೆ ನಾವಿರುವ ಟೆಕ್ಸಾಸ್‌ನದ್ದೇ. ಈ ಸ್ಟಾಫರ್ಡ್‌ನಿಂದ ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ, ಆಸ್ಟಿನ್. ಅಲ್ಲಿ 1994ರಲ್ಲಿ 'ಗ್ಯಾಲಕ್ಸಿ' ಶುರುವಾಯಿತು. ಲೆಕ್ಕ ಬರೆಯುವ ನಾವು ಖರ್ಚುಗಳನ್ನು ಬೇರೆ ಬೇರೆ ಖಾತೆಗೆ ಹಾಕುವ ಹಾಗೆ, ಅದು ವೆಬ್ ತಾಣಗಳನ್ನು ವಿಷಯವಾರು ಜೋಡಿಸಿತು. ಯಾಹೂ ಕೂಡ ಅದೇ ವರ್ಷ ಹಾಗೇ ಬಂತು. ಅದೇ ವರ್ಷದ ವೆಬ್‌ಕ್ರಾಲರ್ ಪುಟದೊಳಗಿನ ಪದಗಳನ್ನೂ ಹುಡುಕಿತು. ಆದರೆ ಸಾವಿರ ಪುಟ ಸಿಕ್ಕಿದರೆ ಓದುವುದು ಯಾವುದನ್ನು? 1998ರಲ್ಲಿ ಕಂಪೆನಿಯಾದ ಗೂಗಲ್, ಯಾವ ಪುಟಕ್ಕೆ ಎಷ್ಟು ಪುಟಗಳಿಂದ, ಎಂಥ ಪುಟಗಳಿಂದ ಲಿಂಕ್ ಉಂಟು ಅಂತ ನೋಡಿ ಸಾಲಾಗಿ ನಿಲ್ಲಿಸಿತು. 2017ರಲ್ಲಿ ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯವೂ ಬಂತು.

ಸುಲಭವಾದದ್ದು ಒಳ್ಳೆಯದೇ. ಆದರೆ ಮೇಲೆ ಬಂದದ್ದೆಲ್ಲ ನಿಜವಲ್ಲ. 'ಸ್ಪಾನ್ಸರ್ಡ್' ಎಂದಿದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಗಲ್ಫ್ ಕೆಲಸಕ್ಕೆ ಏಜೆಂಟರನ್ನು ಹುಡುಕುವ ನಮ್ಮ ತಮ್ಮಂದಿರಿಗೆ ಹೇಳಿ: ಹೆಸರು ಸಿಕ್ಕಿದ ಕೂಡಲೇ ಹಣ ಕಳಿಸಬೇಡಿ. ಭಾರತ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಆ ಏಜೆಂಟರ ನೋಂದಣಿ ಉಂಟಾ ನೋಡಿ. ವೋಚರ್ ಇಲ್ಲದೆ ನಾವು ಲೆಕ್ಕ ಬರೆಯುವುದಿಲ್ಲ. ಹುಡುಕಾಟಕ್ಕೂ ಅದೇ ನಿಯಮ ಇರಲಿ.