ದೇವರ ಕಾಲವನ್ನು ನುಡಿಯುವ ಅಧಿಕಾರ ಯಾರದು?



ತಮ್ಮ ನಾಮಧೇಯವನ್ನು ಉಪನ್ಯಾಸಕಾರರು ಕೊಂಡಾಡಕೂಡದೆಂದು ದತ್ತಿಪತ್ರದಲ್ಲಿಯೇ ವಿಧಿಸಿಹೋದ ಪೂಜ್ಯ ಉಪದೇಶಕರ ಸ್ಮರಣಾರ್ಥವಾದ ಈ ವೇದಿಕೆಗೆ ನನ್ನನ್ನು ಕರೆದುದು ನನ್ನ ಯೋಗ್ಯತೆಗೆ ಮೀರಿದ ಗೌರವವೆಂದು ಬಗೆಯುತ್ತೇನೆ. ಅವರ ಅಪ್ಪಣೆಯಂತೆ ಹೆಸರನ್ನು ಬಿಟ್ಟೆನು. ಅವರನ್ನು ಜೀವಮಾನವೆಲ್ಲ ಕಾಡಿದ ಪ್ರಶ್ನೆಯನ್ನು ಬಿಡಲಾರೆನು. ಸಂಕಟಕಾಲದಲ್ಲಿ ದೇವರ ಸಮಯವನ್ನು ನಂಬಿ ಕಾದಿರುವುದೆಂದರೇನು?

ಪ್ರಸಂಗಿಯ ಮೂರನೆಯ ಅಧ್ಯಾಯವನ್ನೂ, ಅಬ್ರಹಾಮ ಸಾರಳರ ದೀರ್ಘ ನಿರೀಕ್ಷೆಯನ್ನೂ, ಕಾವಲುಗೋಪುರದ ಮೇಲೆ ನಿಂತ ಹಬಕ್ಕೂಕನನ್ನೂ, ಕಾಲಗಳ ನಿರ್ಣಯವು ಶಿಷ್ಯರ ಪಾಲಿನದಲ್ಲವೆಂದು ಪ್ರಭುವು ಪುನರುತ್ಥಾನಾನಂತರ ತಿಳಿಸಿದುದನ್ನೂ ತಾವು ಬಾಲ್ಯದಿಂದ ಕೇಳಿ ಬಲ್ಲಿರಿ. ಯಾವ ವ್ಯಾಖ್ಯಾನಗ್ರಂಥವನ್ನು ತೆರೆದರೂ ಅವುಗಳ ವಿವರಣೆ ದೊರೆಯುವುದು. ದೇವರಿಗೆ ಒಂದು ಕಾಲವುಂಟೆಂಬುದು ನಮ್ಮೊಳಗೆ ನಿರ್ವಿವಾದ. ವಿವಾದವಿರುವುದು ಬೇರೊಂದೆಡೆ: ಒಬ್ಬನ ದುಃಖವನ್ನು ನೋಡಿ ‘ಇದು ದೇವರ ಕಾಲ’ ಎಂದು ನುಡಿಯುವ ಅಧಿಕಾರ ಯಾರದು? ನೊಂದವನದು ಮಾತ್ರವೆಂದೂ, ಅದೂ ಹಿಂದಿರುಗಿ ನೋಡುವಾಗ ಮಾತ್ರವೆಂದೂ ನನ್ನ ಪ್ರತಿಪಾದನೆ.

ಯೋಸೇಫನ ವೃತ್ತಾಂತವನ್ನು ಪರಾಮರ್ಶಿಸಿರಿ. ಅಣ್ಣಂದಿರಿಂದ ಗುಂಡಿಗೆ ತಳ್ಳಲ್ಪಟ್ಟು, ಮಾರಲ್ಪಟ್ಟು, ಸೆರೆಮನೆಯಲ್ಲಿ ಉಪಕಾರ ಪಡೆದವನಿಂದಲೇ ಎರಡು ವರ್ಷಕಾಲ ಮರೆಯಲ್ಪಟ್ಟ ಆತನು, ಕೊನೆಗೆ ಐಗುಪ್ತದ ಅಧಿಪತಿಯಾಗಿ, ಇದರಲ್ಲೆಲ್ಲ ದೇವರ ಉದ್ದೇಶವಿತ್ತೆಂದು ಅಳುತ್ತ ಹೇಳುತ್ತಾನೆ. ಅದೇ ಮಾತನ್ನು ಅಣ್ಣಂದಿರು ಆಡಿದ್ದರೆ? ಅದು ಸಾಕ್ಷಿಯಾಗುತ್ತಿರಲಿಲ್ಲ, ತಪ್ಪಿಸಿಕೊಳ್ಳುವ ನೆಪವಾಗುತ್ತಿತ್ತು. ಯೋಬನ ಸ್ನೇಹಿತರು ದೇವರ ಪರವಾಗಿಯೇ ವಾದಿಸಿದರು. ಗ್ರಂಥಾಂತ್ಯದಲ್ಲಿ ದೇವರ ಕೋಪಕ್ಕೆ ಗುರಿಯಾದವರೂ ಅವರೇ.

ಈಗ ನಮ್ಮ ಬೀದರ ಸೀಮೆಗೆ ಬಂದು, ಈ ಪ್ರತಿಪಾದನೆಗೆ ಎದುರಾಗುವ ಮೊದಲನೆಯ ಪ್ರತಿಪಕ್ಷವನ್ನು ನೋಡೋಣ. ನಿಜಾಮರ ಆಳ್ವಿಕೆಯಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನ್ ಇಲ್ಲಿ ನೆಲೆಯೂರಿದ ತಲೆಮಾರು 1896–97ರ ಮತ್ತು 1899–1900ರ ಕ್ಷಾಮಗಳನ್ನೂ, 1918ರ ಶೀತಜ್ವರವನ್ನೂ ಕಂಡ ತಲೆಮಾರು. ಆ ಕ್ಷಾಮಗಳೇ ಸುವಾರ್ತೆಗೆ ದೇವರು ತೆರೆದ ಬಾಗಿಲೆಂದು ಒಂದು ಪಕ್ಷ. ಕ್ರೈಸ್ತಸಭೆಗೆ ಬಂದವರೆಲ್ಲ ಗಂಜಿಗಾಗಿ ಬಂದವರೆಂದು ಇನ್ನೊಂದು ಪಕ್ಷ. ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ಮತಗಳು ಒಂದೇ ದೋಷದಿಂದ ದೂಷಿತವಾಗಿವೆ: ದಲಿತ ಕೇರಿಯ ಮನುಷ್ಯನನ್ನು ಕೇಳದೆಯೇ ಆತನ ಹೃದಯದ ಕುರಿತು ತೀರ್ಪು ಕೊಟ್ಟಿವೆ. ಜೆ. ವಾಸ್ಕಮ್ ಪಿಕೆಟ್ ಅವರು 1933ರಲ್ಲಿ ಪ್ರಕಟಿಸಿದ ಸಮೂಹ ಮತಾಂತರ ಚಳುವಳಿಗಳ ಅಧ್ಯಯನದ ನಿಗಮನಗಳಲ್ಲಿ ಹಲವನ್ನು ನಾನು ಒಪ್ಪೆನು. ಆದರೆ ದೀಕ್ಷೆ ಪಡೆದವರನ್ನೇ ವಿಚಾರಿಸಬೇಕೆಂಬ ಸೌಜನ್ಯವನ್ನು ಅವರು ತೋರಿದರು. ನಮ್ಮ ದತ್ತಿಯ ಹಿರಿಯರೂ ಸತ್ತವರ ಮನೆಗೆ ಹೋದಾಗ ಕೇಳುವುದು ಹೆಚ್ಚು, ಹೇಳುವುದು ಕಡಿಮೆಯೆಂಬ ನಿಯಮದವರು.

ಎರಡನೆಯ ಪ್ರತಿಪಕ್ಷವು ದಿನಾಂಕ ಹೇಳುವವರದು. ಈ ಹಬ್ಬದೊಳಗೆ ಸಾಲ ತೀರುವುದು, ಮೂರು ತಿಂಗಳೊಳಗೆ ರೋಗ ಹೋಗುವುದು ಎಂದು ಉಪವಾಸ ಪ್ರಾರ್ಥನೆಗಳಲ್ಲಿ ಸಾರುವವರಿಗೆ ಪೂರ್ವಜನಿದ್ದಾನೆ. ಆತನ ಹೆಸರು ಹನನ್ಯ. ಬಾಬೆಲಿನ ನೊಗವು ಎರಡು ವರ್ಷದೊಳಗೆ ಮುರಿಯುವುದೆಂದು ಆತನು ಸಾರಿ ಜನಪ್ರಿಯನಾದನು. ಯೆರೆಮೀಯನಾದರೋ ಎಪ್ಪತ್ತು ವರ್ಷವೆಂದು ಬರೆದು, ಪರದೇಶದಲ್ಲಿ ಮನೆ ಕಟ್ಟಿ ತೋಟ ಮಾಡಿರೆಂದು ಸೆರೆಯವರಿಗೆ ಬೋಧಿಸಿದನು; ಯೆರೂಸಲೇಮಿಗೆ ಮುತ್ತಿಗೆ ಬಿದ್ದಿರುವಾಗಲೇ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡು, ಸಾಕ್ಷಿಗಳ ರುಜು ಹಾಕಿಸಿ, ಖರೀದಿಪತ್ರವನ್ನು ಮಣ್ಣಿನ ಪಾತ್ರೆಯಲ್ಲಿ ಇರಿಸಿದನು. ದೇವರ ಕಾಲವನ್ನು ನಂಬುವುದು ಸೋಮಾರಿತನವೆಂದು ಆಕ್ಷೇಪಿಸುವ ಬುದ್ಧಿವಾದಿ ಮಿತ್ರರಿಗೂ ಈ ಖರೀದಿಪತ್ರವೇ ನನ್ನ ಉತ್ತರ. ಮಳೆಯನ್ನೇ ನಂಬಿದ ಖುಷ್ಕಿ ಹೊಲದಲ್ಲಿ ತೊಗರಿ ಬಿತ್ತುವ ಔರಾದಿನ ರೈತನು ಮೋಡಕ್ಕೆ ಗಡುವು ಕೊಡುವುದಿಲ್ಲ. ಹಾಗೆಂದು ಕೂರಿಗೆಯನ್ನು ಅಟ್ಟದ ಮೇಲೆ ಇಡುವುದೂ ಇಲ್ಲ. ನಮ್ಮ ಮತದವರಲ್ಲದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು, ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸುತ್ತ, ಕನ್ನಡ ನಾಡು ಒಂದಾದ 1956ರ ನವೆಂಬರ್ 1ನ್ನು ಕಾದರು. ಕಾಯುವುದೆಂದರೆ ಹೀಗೆ.

ಮೂರನೆಯ ಪಕ್ಷವು ನಮ್ಮ ಮನೆಯೊಳಗಿನದು. ಆದುದರಿಂದ ಅದರೊಡನೆ ನಿಷ್ಠುರನಾಗುವುದು ಅನಿವಾರ್ಯ. ಈ ಸೀಮೆಯ ವಿಶ್ವಾಸಿಗಳಲ್ಲಿ ಬಹುಪಾಲಿನವರ ಪೂರ್ವಜರು ದಲಿತ ಕೇರಿಗಳವರು. 1950ರ ರಾಷ್ಟ್ರಪತಿಗಳ ಆದೇಶದ ಮೂರನೆಯ ಪರಿಚ್ಛೇದವು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು, 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿಸಲ್ಪಟ್ಟರು, ಕ್ರೈಸ್ತರು ಹೊರಗುಳಿದರು. ರಂಗನಾಥ ಮಿಶ್ರ ಆಯೋಗವು 2007ರಲ್ಲಿ ಆ ಪರಿಚ್ಛೇದವನ್ನು ತೆಗೆಯಬೇಕೆಂದಿತು. 2022ರಲ್ಲಿ ನ್ಯಾಯಮೂರ್ತಿ ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಆಯೋಗವು ನೇಮಕವಾಯಿತು. ಇಷ್ಟು ದೀರ್ಘವಾದ ನಿರೀಕ್ಷೆಯ ಕುರಿತು ನಮ್ಮ ಕೆಲವು ಬೋಧಕರು ಕೊಡುವ ಉಪದೇಶ ಯಾವುದು? ‘ದೇವರ ಕಾಲ ಬರಲಿ, ಕೋರ್ಟು ಕಚೇರಿ ವಿಶ್ವಾಸಿಗೆ ತಕ್ಕುದಲ್ಲ.’ ಲೂಕನ ಹದಿನೆಂಟನೆಯ ಅಧ್ಯಾಯವನ್ನು ಇವರು ಓದಿಲ್ಲವೇ? ಬೇಸರವಿಲ್ಲದೆ ಪ್ರಾರ್ಥಿಸುವುದನ್ನು ಕಲಿಸಲು ಪ್ರಭುವು ಆರಿಸಿದ ಆದರ್ಶವು ಗವಿಯಲ್ಲಿ ಕುಳಿತ ತಪಸ್ವಿಯಲ್ಲ. ಅನ್ಯಾಯಗಾರನಾದ ನ್ಯಾಯಾಧಿಪತಿಯ ಬಾಗಿಲಿಗೆ ಮತ್ತೆ ಮತ್ತೆ ಬಂದು ನ್ಯಾಯ ಬೇಡಿದ ಒಬ್ಬ ವಿಧವೆ. ಅವಳ ಅರ್ಜಿಯನ್ನು ಅವಿಶ್ವಾಸವೆನ್ನುವವನು ಆ ದೃಷ್ಟಾಂತವನ್ನು ಹೇಳಿದಾತನನ್ನೇ ತಿದ್ದಲು ಹೊರಟಂತಾಯಿತು.

ಈ ದೋಷವು ಬೋಧಕರದು ಮಾತ್ರವಲ್ಲ, ನಮ್ಮೆಲ್ಲರದು. 2020ರ ಏಪ್ರಿಲ್ 12ರ ಈಸ್ಟರ್ ಭಾನುವಾರ ಕೋವಿಡ್ ಲಾಕ್‌ಡೌನಿನಿಂದ ಗುಡಿಗಳು ಮುಚ್ಚಿದ್ದುವು. ಹೈದರಾಬಾದು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗಿದ್ದ ನಮ್ಮ ಜನರು ಕೂಲಿ ಕಳೆದುಕೊಂಡಿದ್ದರು. ಅವರಿಗೆ ‘ಎಲ್ಲವೂ ದೇವರ ಸಮಯದಂತೆ’ ಎಂದು ಫೋನಿನಲ್ಲಿ ಹೇಳುವುದು ಸುಲಭವಾಗಿತ್ತು, ಅಕ್ಕಿಯ ಚೀಲವನ್ನು ಹೊತ್ತು ಒಯ್ಯುವುದು ಕಷ್ಟವಾಗಿತ್ತು. ಸುಲಭವಾದುದನ್ನು ಮಾಡಿ ಅದನ್ನೇ ನಂಬಿಕೆಯೆಂದು ಕರೆದುಕೊಳ್ಳುವ ಅಭ್ಯಾಸವನ್ನು ನಾವು ಬಿಡಬೇಕು. ನಂಬಿಕೆಯು ಮೌನವೂ ಅಲ್ಲ: ‘ಎಷ್ಟರ ವರೆಗೆ’ ಎಂದು ಕೀರ್ತನೆಗಾರನು ದೇವರನ್ನೇ ತಡೆದು ಕೇಳುತ್ತಾನೆ; ನಂಬದವನು ಹಾಗೆ ಕೇಳುವ ಗೋಜಿಗೇ ಹೋಗನು.

ಆದುದರಿಂದ ಮೂರು ಸೂಚನೆಗಳನ್ನು ಈ ಸಭೆಯ ಮುಂದಿಡುತ್ತೇನೆ. ಬೀದರ, ಭಾಲ್ಕಿ, ಔರಾದಗಳ ವೃದ್ಧ ವಿಶ್ವಾಸಿಗಳ ಸಾಕ್ಷಿಗಳನ್ನು ಅವರ ಮಾತಿನಲ್ಲಿಯೇ, ಬೋಧಕರ ತಿದ್ದುಪಡಿಯಿಲ್ಲದೆ, ಈ ದತ್ತಿಯ ವತಿಯಿಂದ ಬರೆದಿಡತಕ್ಕದ್ದು. ದುಃಖದ ಮನೆಯಲ್ಲಿ ಮನೆಯವರು ತಾವಾಗಿ ಆ ಮಾತನ್ನು ಎತ್ತುವ ತನಕ ದೇವರ ಕಾಲದ ವಿಷಯವಾಗಿ ಯಾರೂ ಪ್ರಸಂಗಿಸಕೂಡದು. ನ್ಯಾಯಕ್ಕಾಗಿ ಅರ್ಜಿ ಹಾಕುವವರಿಗೆ, ತಡೆಯುವ ಬದಲು, ಪ್ರತಿ ಸಭೆಯೂ ತನ್ನ ಹುಂಡಿಯಿಂದ ಪ್ರಯಾಣದ ಖರ್ಚನ್ನು ಒದಗಿಸತಕ್ಕದ್ದು. ಕಾಲವನ್ನು ನಿರ್ಣಯಿಸುವುದು ದೇವರ ಕಾರ್ಯವಾಗಿರಲಾಗಿ, ನಮಗೆ ಉಳಿದಿರುವ ಕಾರ್ಯಗಳು ಇಂಥವೇ. ಇವನ್ನು ಮುಂದೂಡುವುದಕ್ಕೆ ಆತನ ಹೆಸರನ್ನು ಇನ್ನು ಬಳಸದಿರೋಣ.