ಗಂಡಸುತನದ ಸೂಜಿಮದ್ದು

(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಸೋದರರೇ, ಮದುವೆಯಾಗಿ ಮೂರು ವರ್ಷ ಕಳೆದರೆ ಸಾಕು, ನಮ್ಮಲ್ಲಿ ಹೆಂಡತಿಗೆ ಬಂಜೆಯೆಂಬ ಹೆಸರು ಬೀಳುತ್ತದೆ. ಗಂಡನನ್ನು ಪರೀಕ್ಷಿಸಿದವರಿಲ್ಲ. ಆತನೋ ಮೈ ಕಟ್ಟಲೆಂದು, ದಣಿವು ನೀಗಲೆಂದು, ಗರಡಿಯ ಗೆಳೆಯ ಹೇಳಿದ ಟೆಸ್ಟೋಸ್ಟೆರೋನ್ ಸೂಜಿ ಚುಚ್ಚಿಸಿಕೊಳ್ಳುತ್ತಿರುತ್ತಾನೆ!

ಗಂಡಸುತನದ ಮದ್ದು ಸಂತಾನಕ್ಕೆ ಹೇಗೆ ಅಡ್ಡಿ ಎಂದು ಕೇಳುತ್ತೀರಿ. ವೃಷಣಕ್ಕೆ ಕೆಲಸ ಹೇಳುವ ಮೇಸ್ತ್ರಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ. ಹೊರಗಿನ ಸರಕು ರಕ್ತದಲ್ಲಿ ತುಂಬಿದೊಡನೆ ಅದು ಅಪ್ಪಣೆ ನಿಲ್ಲಿಸುತ್ತದೆ. ವೀರ್ಯಾಣುವಿನ ಉತ್ಪಾದನೆಗೆ ಬೀಗಮುದ್ರೆ. ಗೋದಾಮು ತುಂಬಿತೆಂದು ಮಾಲೀಕ ಗಿರಣಿ ಮುಚ್ಚುವುದನ್ನು ನೀವು ಬಲ್ಲಿರಿ. ವಿಶ್ವ ಆರೋಗ್ಯ ಸಂಸ್ಥೆ ಇದೇ ಮದ್ದನ್ನು ವಾರಕ್ಕೆ 200 ಮಿಲಿಗ್ರಾಮಿನಂತೆ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತು. 1990ರಲ್ಲಿ ಫಲಿತಾಂಶ ಹೊರಬಂತು: ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ವೀರ್ಯಾಣುವೇ ಇಲ್ಲವಾಗಿತ್ತು.

ಸೂಜಿ ಬಿಟ್ಟರೆ ಬಹುಮಂದಿಗೆ ವೀರ್ಯಾಣು ಮರಳುತ್ತದೆ. ಆದರೆ ತಿಂಗಳುಗಟ್ಟಲೆ ಬೇಕು. ಕೆಲವರಿಗೆ ವರ್ಷ ದಾಟುತ್ತದೆ. ಒಂದು ವೀರ್ಯಾಣು ತಯಾರಾಗಲೇ ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ.

ವ್ಯಾಪಾರಿ ಸೋದರರಿಗೂ ಒಂದು ಮಾತು. ಔಷಧದಂಗಡಿಯವರು ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುವುದು ಕಾನೂನಿಗೆ ವಿರುದ್ಧ. ಮಕ್ಕಳಾಗದ ಮನೆಯವರು ಹರಕೆಗೂ ಎರಡನೆಯ ಮದುವೆಯ ಮಾತಿಗೂ ಮುನ್ನ ಗಂಡನ ವೀರ್ಯ ಪರೀಕ್ಷೆ ಮಾಡಿಸಿ. ಸೂಜಿಯ ವಿಷಯವನ್ನು ಡಾಕ್ಟರ ಮುಂದೆ ಮುಚ್ಚಿಡಬೇಡಿ.